ಎಳೆ ಚಿಗುರು ಮತ್ತು ಎಲೆಹುಳು: ಇ. ಎಚ್. ಏಟ್ಕಿನ್ ಅವರ ಜೀವನ ಹಾಗೂ ಉತ್ತರ ಕನ್ನಡದ ವಸಂತ

1

ಕನ್ನಡ ಕಾವ್ಯಪರಂಪರೆಯಲ್ಲಿ ವಸಂತಕ್ಕಿರುವ ಸ್ಥಾನ ದೊಡ್ಡದು. ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಗೂ ಎಡೆಯಿದ್ದುದರಿಂದ ಮಾವಿನ ಚಿಗುರು, ಬಿರಿದ ಮಲ್ಲಿಗೆ, ತೆಂಕಣ ಗಾಳಿ, ಕೋಗಿಲೆ, ದುಂಬಿ ಇವೆಲ್ಲ ಕವಿಸಮಯದ ಸಿದ್ಧ ಸಾಮಗ್ರಿಗಳಾದವು. ಪಂಪನಂತಹ ಮಹಾಕವಿಯ ಕೈಯಲ್ಲಿ ಈ ಸಾಮಗ್ರಿ ಒಂದು ನಿಜವಾದ ನೆಲಕ್ಕೆ, ಬನವಾಸಿಗೆ, ಅಂಟಿಕೊಂಡು ಜೀವ ತಳೆಯಿತು. ಮರುಹುಟ್ಟಿನಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಆ ನಾಡಿನ ನಂದನದಲ್ಲಿರಬೇಕೆಂಬ ಅವನ ಹಂಬಲವನ್ನು ಕನ್ನಡದ ವಿದ್ಯಾರ್ಥಿಗಳೆಲ್ಲ ಬಲ್ಲರು. ಆದರೆ ಎಲೆ ತಿನ್ನುವ ಹುಳುವಾಗಿ ಹುಟ್ಟಬೇಕೆಂದು ಯಾವ ಕವಿಯೂ ಹಂಬಲಿಸಿದಂತೆ ಕಾಣುವುದಿಲ್ಲ. ಚಿಗುರು ಮೂಡಿದಾಗ ಅದನ್ನು ಅರಸಿಕೊಂಡು ಬರುವ ಮೊದಲ ಅತಿಥಿಗಳಲ್ಲಿ ದುಂಬಿಯಷ್ಟೇ ಈ ಹುಳುವೂ ಸೇರಿದೆ. ಆದರೂ ಅದು ಕಾವ್ಯದ ಹೊರಗೇ ಉಳಿಯಿತು.

ಆ ಹುಳುವನ್ನು ಕೈಯಲ್ಲಿ ಹಿಡಿದು, ಅದು ಯಾವ ಗಿಡದ ಎಲೆಯನ್ನು ತಿನ್ನುತ್ತದೆ, ಯಾವ ರೂಪದ ಚಿಟ್ಟೆಯಾಗುತ್ತದೆ ಎಂಬುದನ್ನು ಬನವಾಸಿಯನ್ನು ಒಳಗೊಂಡ ಜಿಲ್ಲೆಯಲ್ಲಿಯೇ ಬರೆದಿಟ್ಟವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಮೂವರು ಸರಕಾರಿ ಅಧಿಕಾರಿಗಳು. ಅವರಲ್ಲಿ ಲೇಖಕರಾಗಿ ಹೆಚ್ಚು ಪ್ರಸಿದ್ಧರಾದವರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್. 'ಇ. ಎಚ್. ಎ.' ಎಂಬ ಮೂರಕ್ಷರಗಳಿಂದಲೇ ಅವರು ಅಂದಿನ ಓದುಗರಿಗೆ ಪರಿಚಿತರು. ಮುಂಬಯಿ ನಗರಕ್ಕೂ ಕಾರವಾರದ ಕಾಡಿಗೂ ಸಮಾನವಾಗಿ ಸಂಬಂಧಿಸಿದ ಅವರ ಬದುಕನ್ನು ಹೊರನಾಡಿನ ಕನ್ನಡ ವಿದ್ವಾಂಸರು ಅವಲೋಕಿಸುವುದು ಅನುಚಿತವಾಗಲಾರದು. ವಸಂತವನ್ನು ಅಲಂಕಾರವಾಗಿ ಕಾಣದೆ ಎಲೆಗೂ ಕೀಟಕ್ಕೂ ನಡುವಿನ ಸಂಬಂಧವಾಗಿ ಕಂಡದ್ದು ಅವರ ಬದುಕಿನ ಮುಖ್ಯ ಸಾಧನೆ. ಆ ಸಂಬಂಧದ ದಾಖಲೆ ನಮ್ಮ ನೆಲದಲ್ಲಿ ಹುಟ್ಟಿಯೂ ನಮ್ಮ ಭಾಷೆಗೆ ಬಾರದೆ ಉಳಿದದ್ದು ನಾವು ವಿಚಾರಿಸಬೇಕಾದ ಸಂಗತಿ.

2

ಏಟ್ಕಿನ್ ಅವರು 1851ರ ಆಗಸ್ಟ್ 16ರಂದು ಮಹಾರಾಷ್ಟ್ರದ ಸಾತಾರದಲ್ಲಿ ಜನಿಸಿದರು. ತಂದೆ ಜೇಮ್ಸ್ ಏಟ್ಕಿನ್ ಸ್ಕಾಟ್ಲೆಂಡಿನ ಫ್ರೀ ಚರ್ಚಿಗೆ ಸೇರಿದ ಪಾದ್ರಿಗಳು. ಸಾಮಾನ್ಯವಾಗಿ ಅಂದಿನ ಐರೋಪ್ಯ ಕುಟುಂಬಗಳು ಮಕ್ಕಳನ್ನು ಚಿಕ್ಕಂದಿನಲ್ಲಿಯೇ ಸ್ವದೇಶದ ಶಾಲೆಗಳಿಗೆ ಕಳುಹಿಸುತ್ತಿದ್ದುವು. ಎಡ್ವರ್ಡರ ಶಿಕ್ಷಣ ಮಾತ್ರ ಬಹುಮಟ್ಟಿಗೆ ತಂದೆಯಿಂದಲೇ, ಭಾರತದಲ್ಲಿಯೇ ನಡೆಯಿತು. ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಬಿ. ಎ. ಮತ್ತು ಎಂ. ಎ. ಪರೀಕ್ಷೆಗಳಲ್ಲಿ ಅವರು ಮೊದಲಿಗರಾಗಿ ತೇರ್ಗಡೆ ಹೊಂದಿದರು. 1870ರಿಂದ 1876ರವರೆಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಭಾಷೆಯನ್ನು ಕಲಿಸುವ ಕೆಲಸದಲ್ಲಿದ್ದರು. 1880ರಲ್ಲಿ ಕವಿತೆಯೊಂದಕ್ಕಾಗಿ ಹೋಮಜಿ ಕರ್ಸೆಟ್‌ಜಿ ಬಹುಮಾನವನ್ನೂ ಪಡೆದರು. ಹೀಗೆ ಅವರ ಮೊದಲ ಸಿದ್ಧತೆ ವಿಜ್ಞಾನದ್ದಲ್ಲ, ಭಾಷೆ ಮತ್ತು ಸಾಹಿತ್ಯದ್ದು. ಅವರ ನಿಸರ್ಗ ಬರವಣಿಗೆಯ ಲವಲವಿಕೆಗೆ ಮೂಲವೂ ಇಲ್ಲಿಯೇ ಇದೆ.

1876ರ ಏಪ್ರಿಲ್‌ನಲ್ಲಿ ಅವರು ಮುಂಬಯಿ ಪ್ರಾಂತದ ಸುಂಕ ಮತ್ತು ಉಪ್ಪಿನ ಇಲಾಖೆಯನ್ನು ಸೇರಿದರು. ಈ ಉದ್ಯೋಗ ಅವರನ್ನು ಖಾರಾಘೋಡಾ, ಉರಣ, ರತ್ನಾಗಿರಿ, ಗೋವೆಯ ಗಡಿ, ಉತ್ತರ ಕನ್ನಡ ಮತ್ತು ಮುಂಬಯಿಗಳಲ್ಲಿ ತಿರುಗಾಡಿಸಿತು. ಕಚ್ಛದ ಚಿಕ್ಕ ರಣದ ಅಂಚಿನಲ್ಲಿರುವ ಖಾರಾಘೋಡಾ ಉಪ್ಪು ಬೆಳೆಯುವ ಬಯಲು. ಹಸಿರು ವಿರಳವಾದ ಆ ಊರಿನಲ್ಲಿ ಬಂಗಲೆಯ ಜಗಲಿಗೆ ಬರುವ ಇರುವೆ, ಓತಿ, ಇಲಿ, ಕಾಗೆ, ದೀಪದ ಹುಳುಗಳೇ ಅವರ ಮೊದಲ ಅಧ್ಯಯನದ ವಸ್ತುಗಳಾದವು. 1883ರಲ್ಲಿ ಪ್ರಕಟವಾದ ಅವರ ಮೊದಲ ಗ್ರಂಥ 'ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್' ಈ ಅನುಭವದ ಫಲ. ಎರಡನೆಯ ಆಫಘನ್ ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದ ಕಾಲವದು. ಗಡಿ, ಬುಡಕಟ್ಟು, ವಿದೇಶನೀತಿ ಎಂಬ ಮಾತುಗಳು ಪತ್ರಿಕೆಗಳಲ್ಲಿ ತುಂಬಿದ್ದಾಗ ಏಟ್ಕಿನ್ ಅವನ್ನು ತಮ್ಮ ಮನೆಯ ಹೊಸ್ತಿಲಿಗೆ ತಂದು, ಮುತ್ತಿಗೆ ಹಾಕುವ ಇರುವೆಗಳಿಗೂ ಸುಲಿಗೆ ಮಾಡುವ ಕಾಗೆಗಳಿಗೂ ಅನ್ವಯಿಸಿದರು. ಸಾಮ್ರಾಜ್ಯದ ಗಂಭೀರ ಪರಿಭಾಷೆಯನ್ನು ಇದು ಹಾಸ್ಯಕ್ಕೆ ಗುರಿಮಾಡುತ್ತದೆ. ಆದರೆ ಆ ಪರಿಭಾಷೆಯ ಆವರಣದಿಂದ ಹೊರಗೆ ಬರುವುದಿಲ್ಲ. ಈ ದ್ವಂದ್ವ ಅವರ ಬರವಣಿಗೆಯ ಉದ್ದಕ್ಕೂ ಇದೆ.

3

ಅದೇ 1883 ಮತ್ತೊಂದು ಕಾರಣಕ್ಕೂ ಮಹತ್ವದ ವರ್ಷ. ಆ ವರ್ಷದ ಸೆಪ್ಟೆಂಬರ್ 15ರಂದು ಮುಂಬಯಿಯ ಬೈಕಲಾದ ವಸ್ತುಸಂಗ್ರಹಾಲಯದಲ್ಲಿ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಆ ಕಟ್ಟಡವೇ ಈಗಿನ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ. ಎಂಟು ಮಂದಿಯಲ್ಲಿ ಇಬ್ಬರು ಭಾರತೀಯರು. ಒಬ್ಬರು ಪ್ರಾರ್ಥನಾ ಸಮಾಜದ ಮುಂದಾಳು ಡಾ. ಆತ್ಮಾರಾಮ ಪಾಂಡುರಂಗ, ಇನ್ನೊಬ್ಬರು ವೈದ್ಯರೂ ಸಸ್ಯಜ್ಞರೂ ಆಗಿದ್ದ ಡಾ. ಸಖಾರಾಮ ಅರ್ಜುನ. ಈ ಗುಂಪಿನಲ್ಲಿದ್ದ ಏಟ್ಕಿನ್ ಅವರು ಸಂಸ್ಥೆಯ ಮೊದಲ ಕಾರ್ಯದರ್ಶಿಗಳಾದರು. 1886ರ ಜನವರಿಯಲ್ಲಿ ಸಂಸ್ಥೆಯ ನಿಯತಕಾಲಿಕದ ಮೊದಲ ಸಂಚಿಕೆ ಹೊರಬಂದಾಗ ಆರ್. ಎ. ಸ್ಟರ್ನ್‌ಡೇಲ್ ಅವರೊಂದಿಗೆ ಸಂಪಾದಕರಾಗಿಯೂ ದುಡಿದರು. ಅದೇ ವರ್ಷ ಕಾರ್ಯದರ್ಶಿತ್ವ ಮದ್ಯದ ವ್ಯಾಪಾರಿ ಎಚ್. ಎಂ. ಫಿಪ್ಸನ್ ಅವರಿಗೆ ಹೋಯಿತು. ಅವರ ಅಂಗಡಿಯ ಭಾಗವೇ ಸಂಸ್ಥೆಯ ನೆಲೆಯಾಯಿತು.

ಈ ಸಂಸ್ಥೆಯ ಸ್ವರೂಪವನ್ನು ಗಮನಿಸಬೇಕು. ಅದರ ಸದಸ್ಯರು ಬಹುತೇಕ ಹವ್ಯಾಸಿಗಳು. ಅರಣ್ಯ, ಕಂದಾಯ, ಸೇನೆ, ವೈದ್ಯಕೀಯ, ಸುಂಕ ಹೀಗೆ ಬೇರೆ ಬೇರೆ ಇಲಾಖೆಗಳಲ್ಲಿದ್ದವರು ತಾವಿದ್ದ ಊರಿನಿಂದ ಟಿಪ್ಪಣಿಗಳನ್ನು ಕಳುಹಿಸುತ್ತಿದ್ದರು. ಯಾವ ತಿಂಗಳು ಯಾವ ಹಕ್ಕಿ ಗೂಡು ಕಟ್ಟಿತು, ಯಾವ ಮರ ಹೂ ಬಿಟ್ಟಿತು ಎಂಬ ಒಬ್ಬೊಬ್ಬರ ಚಿಕ್ಕ ನೋಟಗಳು ಒಂದು ಕಡೆ ಅಚ್ಚಾದಾಗ ಸಾಮೂಹಿಕ ಜ್ಞಾನವಾಗಿ ಬೆಳೆದವು. ಋತುಮಾನದ ಅಧ್ಯಯನಕ್ಕೆ ಇಂತಹ ವ್ಯವಸ್ಥೆಯೇ ಬೇಕು. ಒಬ್ಬನ ಒಂದು ವಸಂತ ಏನನ್ನೂ ಸಿದ್ಧಪಡಿಸುವುದಿಲ್ಲ. ಹಲವರ ಹಲವು ವಸಂತಗಳು, ದಿನಾಂಕ ಮತ್ತು ಸ್ಥಳದೊಡನೆ, ಸೇರಬೇಕು.

ಈ ಸಂಸ್ಥೆಯ ಲಾಂಛನವೂ ಕನ್ನಡ ನಾಡಿಗೆ ಸಂಬಂಧಿಸಿದುದೆಂಬುದು ಹಲವರಿಗೆ ತಿಳಿದಿಲ್ಲ. 1894ರ ಮೇ ತಿಂಗಳಲ್ಲಿ ಉತ್ತರ ಕನ್ನಡದಲ್ಲಿ ಹುಟ್ಟಿದ ದೊಡ್ಡ ಮಂಗಟ್ಟೆ ಹಕ್ಕಿಯೊಂದು ಕಾರವಾರದಿಂದ ಸಂಸ್ಥೆಗೆ ಬಂದು, ವಿಲಿಯಂ ಎಂಬ ಹೆಸರು ಪಡೆದು, 1920ರವರೆಗೆ ಅದರ ಕಚೇರಿಯಲ್ಲಿಯೇ ಬಾಳಿತು. ಆ ಹಕ್ಕಿಯೇ ಮುಂದೆ ಸಂಸ್ಥೆಯ ಗುರುತಾಯಿತು.

4

1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಮುಂಬಯಿಗೂ ಕಾರವಾರಕ್ಕೂ ಆಡಳಿತದ ಬಂಧ ಬಿಗಿಯಾದದ್ದು ಹೀಗೆ. ಆ ಬಂಧದ ಕಾರಣದಿಂದಲೇ ಏಟ್ಕಿನ್ ಅವರೂ ಇಲ್ಲಿಗೆ ಬಂದರು. ಒಂದೆಡೆ ಸಮುದ್ರ, ಇನ್ನೊಂದೆಡೆ ಘಟ್ಟ, ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಕಣಿವೆಗಳು. ಖಾರಾಘೋಡಾದ ಬಯಲನ್ನು ಕಂಡ ಕಣ್ಣಿಗೆ ಇದು ಬೇರೆಯೇ ಲೋಕವಾಗಿದ್ದಿರಬೇಕು. 1894ರಲ್ಲಿ ಪ್ರಕಟವಾದ ಅವರ 'ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್' ಈ ಕಾಡಿನ ಗ್ರಂಥ.

ಇಲ್ಲಿಯ ವಸಂತ ಯುರೋಪಿನ ವಸಂತವಲ್ಲ. ಅಲ್ಲಿ ಚಳಿಗೆ ಸೆಡೆತ ನೆಲಕ್ಕೆ ಬಿಸಿಲು ಮರಳಿದಾಗ ಗಿಡಗಳು ಎಚ್ಚರಗೊಳ್ಳುತ್ತವೆ. ಇಲ್ಲಿ ಬಿಸಿಲು ಏರುತ್ತ, ನೀರು ಇಂಗುತ್ತ ಹೋಗುವ ಕಾಲದಲ್ಲಿ ಮರಗಳು ಹೂ ಬಿಡುತ್ತವೆ, ಚಿಗುರುತ್ತವೆ. ಮಾಘ-ಫಾಲ್ಗುಣಗಳಲ್ಲಿ ತೇಗ, ಮತ್ತಿ, ಹೊನ್ನೆಗಳು ಎಲೆ ಕಳಚಿ ನಿಂತಿರುವಾಗಲೇ ಬೂರುಗವೂ ಮುತ್ತುಗವೂ ಬರಿಯ ಕೊಂಬೆಗಳ ಮೇಲೆ ಕೆಂಪಾಗಿ ಅರಳುತ್ತವೆ. ಕರಾವಳಿಯ ಊರುಗಳಲ್ಲಿ ಸುರಗಿ ಪರಿಮಳಿಸುತ್ತದೆ. ಅಶೋಕದ ಎಳೆಯೆಲೆಗಳು ತಾಮ್ರದ ಬಣ್ಣದಲ್ಲಿ ಜೋತುಬೀಳುತ್ತವೆ. ಹೊಂಗೆ ತನ್ನ ಹಳೆಯ ಎಲೆಗಳನ್ನು ಉದುರಿಸಿ ಹೊಳೆಯುವ ತಿಳಿಹಸಿರನ್ನು ಹೊದೆಯುತ್ತದೆ. ಚೈತ್ರ-ವೈಶಾಖಗಳಲ್ಲಿ ಕಕ್ಕೆಯ ಹಳದಿ ಗೊಂಚಲು, ಹೊಳೆದಂಡೆಯ ಹೊಳೆದಾಸವಾಳದ ನೇರಿಳೆ, ಜೀರುಂಡೆಗಳ ಎಡೆಬಿಡದ ಸದ್ದು. ಅನಂತರ ಮುಂಗಾರಿಗೆ ಮುನ್ನ ಸುರಿಯುವ ಒಂದೆರಡು ಮಳೆ.

ಈ ಕ್ರಮವನ್ನು ಕವಿಗಳೂ ಕಂಡಿದ್ದರು. ಅವರು ನೋಡದಿದ್ದುದು ಎಲೆಯ ಅಡಿಭಾಗವನ್ನು. ಹೆಣ್ಣು ಚಿಟ್ಟೆಯ ಹಾರಾಟವನ್ನು ತಾಳ್ಮೆಯಿಂದ ಹಿಂಬಾಲಿಸಿದರೆ ಅದು ಹೂವಿನಿಂದ ಹೂವಿಗೆ ಮಾತ್ರವಲ್ಲ, ಎಲೆಯಿಂದ ಎಲೆಗೂ ಹೋಗುವುದು ಕಾಣುತ್ತದೆ. ಹೂವಿನಲ್ಲಿ ಅದಕ್ಕೆ ಬೇಕಾದದ್ದು ಮಧು. ಎಲೆಯಲ್ಲಿ ಬೇಕಾದದ್ದು ಮರಿಗಳ ಅನ್ನ. ಅನೇಕ ಜಾತಿಯ ಚಿಟ್ಟೆಗಳು ಕಾಲಿನ ತುದಿಯಿಂದ ಎಲೆಯನ್ನು ಮುಟ್ಟಿ ರುಚಿ ನೋಡಿ, ತಕ್ಕ ಗಿಡವಾಗಿದ್ದರೆ ಮಾತ್ರ ಮೊಟ್ಟೆಯಿಡುತ್ತವೆ. ಪ್ರತಿ ಜಾತಿಗೂ ಒಂದೋ ಕೆಲವೋ ಗಿಡಗಳು ನಿಶ್ಚಿತ. ನಿಂಬೆ ಮತ್ತು ಕರಿಬೇವಿನ ಎಲೆ ಒಂದು ಜಾತಿಗೆ, ಎಕ್ಕದ ಎಲೆ ಇನ್ನೊಂದಕ್ಕೆ, ಕಣಗಿಲೆಯ ಎಲೆ ಮತ್ತೊಂದಕ್ಕೆ. ಮಾವಿನ ಕೊಂಬೆಗೆ ಅಂಟಿ ಬೆಳೆಯುವ ಬಂದಳಿಕೆಯನ್ನು ತೋಟಗಾರ ಶತ್ರುವೆಂದು ಕಡಿದೆಸೆಯುತ್ತಾನೆ. ಹಳದಿ-ಕೆಂಪು ಚುಕ್ಕೆಗಳ ಜೆಜೆಬೆಲ್ ಚಿಟ್ಟೆಗೆ ಅದೇ ತೊಟ್ಟಿಲು. ದಕ್ಷಿಣ ಭಾರತದ ಅತಿ ದೊಡ್ಡ ಚಿಟ್ಟೆಯ ಹುಳು ಈಶ್ವರಬಳ್ಳಿ ಮತ್ತು ಅದರ ಕುಲದ ಬಳ್ಳಿಗಳನ್ನೇ ತಿಂದು ಬೆಳೆಯುತ್ತದೆ. ಬಳ್ಳಿ ಹೋದರೆ ಚಿಟ್ಟೆಯೂ ಹೋಯಿತು.

ಈ ಸಂಬಂಧಗಳನ್ನು ಪತ್ತೆಹಚ್ಚುವ ವಿಧಾನ ಸರಳ, ಆದರೆ ಶ್ರಮದ್ದು. ಮೊಟ್ಟೆಯನ್ನೋ ಹುಳುವನ್ನೋ ಗಿಡದ ರೆಂಬೆಯೊಡನೆ ಮನೆಗೆ ತರಬೇಕು. ಪೆಟ್ಟಿಗೆಯಲ್ಲಿಟ್ಟು ದಿನದಿನವೂ ಅದೇ ಗಿಡದ ಹೊಸ ಎಲೆಯನ್ನು ಒದಗಿಸಬೇಕು. ಹುಳು ಪೊರೆ ಕಳಚುವಾಗ ಬದಲಾಗುವ ಬಣ್ಣವನ್ನೂ ಕೋಶದ ಆಕಾರವನ್ನೂ ಬರೆದುಕೊಳ್ಳಬೇಕು. ಕೊನೆಗೆ ಹೊರಬರುವ ಚಿಟ್ಟೆಯನ್ನು ಗುರುತಿಸಬೇಕು. ಪರಜೀವಿ ಕಣಜ ಆ ಮೊದಲೇ ಮೊಟ್ಟೆಯಿಟ್ಟಿದ್ದರೆ ವಾರಗಳ ಶ್ರಮದ ಕೊನೆಯಲ್ಲಿ ಚಿಟ್ಟೆಯ ಬದಲು ಕಣಜಗಳೇ ಹೊರಬರುತ್ತವೆ. ಈ ಕೆಲಸದಲ್ಲಿ ಏಟ್ಕಿನ್ ಅವರ ಸಂಗಾತಿಗಳು ಇಬ್ಬರು. ಐ. ಸಿ. ಎಸ್. ಅಧಿಕಾರಿ ಜೇಮ್ಸ್ ಡೇವಿಡ್ಸನ್ ಒಬ್ಬರು, ಅರಣ್ಯಾಧಿಕಾರಿ ಟಿ. ಆರ್. ಬೆಲ್ ಇನ್ನೊಬ್ಬರು. 1890ರಲ್ಲಿ ಡೇವಿಡ್ಸನ್ ಮತ್ತು ಏಟ್ಕಿನ್ ಮುಂಬಯಿ ಪ್ರಾಂತದ ಕೆಲವು ಚಿಟ್ಟೆಗಳ ಹುಳು ಮತ್ತು ಕೋಶಗಳನ್ನು ಕುರಿತು ಸಂಸ್ಥೆಯ ನಿಯತಕಾಲಿಕದಲ್ಲಿ ಬರೆದರು. 1896ರಿಂದ ಮೂವರ ಹೆಸರಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಲೇಖನಮಾಲೆ ಪ್ರಕಟವಾಯಿತು. ಭಾರತದಲ್ಲಿ ಒಂದು ಜಿಲ್ಲೆಯ ಚಿಟ್ಟೆಗಳನ್ನು ಅವುಗಳ ಆಹಾರಸಸ್ಯಗಳ ಸಮೇತ ಇಷ್ಟು ವಿಸ್ತಾರವಾಗಿ ದಾಖಲಿಸಿದ ಆರಂಭದ ಪ್ರಯತ್ನಗಳಲ್ಲಿ ಇದು ಪ್ರಮುಖವಾದುದು.

5

ಏಟ್ಕಿನ್ ಅವರ ಒಂದು ಟಿಪ್ಪಣಿಯನ್ನು ವಿಶೇಷವಾಗಿ ಹೇಳಬೇಕು. 1894ರಲ್ಲಿ ಅವರು ಸ್ಪಾಲ್ಗಿಸ್ ಎಪಿಯಸ್ ಎಂಬ ಪುಟ್ಟ ಚಿಟ್ಟೆಯ ಹುಳು ಮತ್ತು ಕೋಶವನ್ನು ಕುರಿತು ಬರೆದರು. ಚಿಟ್ಟೆಯ ಹುಳುಗಳೆಲ್ಲ ಸಸ್ಯಾಹಾರಿಗಳೆಂಬ ಸಾಮಾನ್ಯ ತಿಳಿವಳಿಕೆಗೆ ಇದು ಅಪವಾದ. ಈ ಹುಳು ಎಲೆಯನ್ನು ತಿನ್ನುವುದಿಲ್ಲ. ಎಲೆಯ ರಸ ಹೀರುವ ಹಿಟ್ಟುತಿಗಣೆಗಳನ್ನು ತಿನ್ನುತ್ತದೆ, ಅವುಗಳ ಬಿಳಿಯ ಹಿಟ್ಟನ್ನೇ ಮೈಮೇಲೆ ಹೊದ್ದು ಅವುಗಳ ನಡುವೆಯೇ ಇರುತ್ತದೆ. ಅದರ ಕೋಶವಂತೂ ಮೇಲಿನಿಂದ ನೋಡಿದರೆ ಕೋತಿಯ ಮುಖದಂತೆಯೇ ಕಾಣುತ್ತದೆ. ಇದರಿಂದಾಗಿ ಆ ಚಿಟ್ಟೆಗೆ ಇಂಗ್ಲಿಷಿನಲ್ಲಿ ಕೋತಿಯ ಹೆಸರೇ ನಿಂತಿದೆ. ತೋಟದ ಬೆಳೆಗೆ ಕಂಟಕವಾದ ತಿಗಣೆಯನ್ನು ನಿಗ್ರಹಿಸುವ ಈ ಹುಳು ಕೃಷಿಕನ ಮಿತ್ರನೆಂಬುದು ಇಂದಿನ ಕೀಟಶಾಸ್ತ್ರಕ್ಕೆ ಚೆನ್ನಾಗಿ ತಿಳಿದ ಸಂಗತಿ.

ಎಲೆ, ಹುಳು, ಇರುವೆಗಳ ನಡುವಣ ವ್ಯವಹಾರವೂ ಇಂತಹುದೇ. ನೀಲಿ ಚಿಟ್ಟೆಗಳ ವರ್ಗದ ಅನೇಕ ಹುಳುಗಳ ಬೆನ್ನಿನಲ್ಲಿ ಸಿಹಿ ರಸ ಒಸರುವ ಗ್ರಂಥಿಯಿರುತ್ತದೆ. ಇರುವೆಗಳು ಆ ರಸಕ್ಕಾಗಿ ಹುಳುವನ್ನು ಸುತ್ತುವರಿದಿರುತ್ತವೆ. ಅವುಗಳ ಕಾವಲಿನಿಂದ ಕಣಜ, ಜೇಡಗಳ ಬಾಧೆ ತಗ್ಗುತ್ತದೆ. ಮಾವು, ಗೇರು, ಹಲಸಿನ ಎಲೆಗಳನ್ನು ಹೊಲಿದು ಗೂಡು ಮಾಡುವ ಚಗಳಿ ಇರುವೆಯನ್ನು ಕರಾವಳಿಯ ಮಕ್ಕಳೂ ಬಲ್ಲರು. ಅದರ ಕಡಿತಕ್ಕೆ ಅಂಜಿ ದೂರವಿರುವವರೇ ಹೆಚ್ಚು. ಆ ಗೂಡಿನ ಸುತ್ತಮುತ್ತ ಕೆಲವು ಚಿಟ್ಟೆಹುಳುಗಳು ನಿರಾತಂಕವಾಗಿ ಬೆಳೆಯುತ್ತವೆ.

ಋತುವಿಗೂ ಚಿಟ್ಟೆಯ ರೂಪಕ್ಕೂ ಇರುವ ಸಂಬಂಧ ಇನ್ನೂ ಕುತೂಹಲಕರ. ಸಂಜೆಯ ವೇಳೆ ಮನೆಯ ಸುತ್ತ ಹಾರುವ ಕಂದು ಚಿಟ್ಟೆಯ ರೆಕ್ಕೆಯ ಅಡಿಭಾಗದಲ್ಲಿ ಮಳೆಗಾಲದಲ್ಲಿ ಕಣ್ಣಿನಂತಹ ಚುಕ್ಕೆಗಳಿರುತ್ತವೆ. ಬೇಸಗೆಯ ಪೀಳಿಗೆಯಲ್ಲಿ ಆ ಚುಕ್ಕೆಗಳು ಮಾಯವಾಗಿ ರೆಕ್ಕೆ ಥೇಟು ಒಣಗಿದ ಎಲೆಯಾಗುತ್ತದೆ. ಇವು ಎರಡು ಬೇರೆ ಜಾತಿಗಳೆಂದು ಹಿಂದೆ ಭಾವಿಸಲಾಗಿತ್ತು. 1880ರ ದಶಕದಲ್ಲಿ ಕೊಲ್ಕತ್ತದ ಲಯೊನೆಲ್ ಡಿ ನೀಸ್‌ವಿಲ್ ಅವರು ಹುಳುಗಳನ್ನು ಸಾಕಿ, ಇಂತಹ ಹಲವು ಜೋಡಿಗಳು ಒಂದೇ ಜಾತಿಯ ಎರಡು ಋತುರೂಪಗಳೆಂದು ತೋರಿಸಿದರು. ತರಗೆಲೆ ನೆಲವನ್ನು ಮುಚ್ಚಿರುವ ಕಾಲದಲ್ಲಿ ತರಗೆಲೆಯಂತಿರುವುದೇ ಬದುಕುವ ದಾರಿ.

ಮರಗಳು ಬಿಸಿಲಿನಲ್ಲಿ, ನೀರಿಲ್ಲದ ಕಾಲದಲ್ಲಿ ಏಕೆ ಚಿಗುರಬೇಕೆಂಬ ಪ್ರಶ್ನೆಗೆ ಉತ್ತರದ ಒಂದು ಭಾಗವೂ ಕೀಟಗಳಲ್ಲಿಯೇ ಇದೆ. ಎಳೆಯ ಎಲೆ ಮೃದುವಾದುದು, ಹುಳುವಿಗೆ ಪ್ರಿಯವಾದುದು. ಬಲಿತ ಎಲೆ ಗಟ್ಟಿಯಾಗಿ ಅನೇಕ ಹುಳುಗಳಿಗೆ ತಿನ್ನಲು ಬಾರದಂತಾಗುತ್ತದೆ. ಮಳೆ ಬಂದ ಮೇಲೆ ಕೀಟಗಳ ಸಂಖ್ಯೆ ಏರುತ್ತದೆ. ಆದ್ದರಿಂದ ಮಳೆಗೆ ಮುಂಚೆಯೇ ಚಿಗುರಿ, ಕೀಟಗಳು ಹೆಚ್ಚುವ ಹೊತ್ತಿಗೆ ಎಲೆಯನ್ನು ಬಲಿಯಿಸಿಕೊಂಡ ಮರಕ್ಕೆ ನಷ್ಟ ಕಡಿಮೆ. ನೀಲಗಿರಿಯ ತಪ್ಪಲಿನ ಮುದುಮಲೈ ಕಾಡಿನಲ್ಲಿ ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್ ಅವರು ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಈ ಊಹೆಗೆ ಬಲವಾದ ಆಧಾರ ಒದಗಿಸಿತು. ಒಣ ಋತುವಿನಲ್ಲಿ ಚಿಗುರಿದ ಜಾತಿಗಳ ಎಲೆಗಳು ಮಳೆಯೊಡನೆ ಅಥವಾ ಅನಂತರ ಚಿಗುರಿದವುಗಳಿಗಿಂತ ಕಡಿಮೆ ಹಾನಿಗೊಂಡಿದ್ದುವು. ಹೀಗೆ ನೋಡಿದರೆ ವಸಂತದ ಚಿಗುರು ಬರಿಯ ಸಂಭ್ರಮವಲ್ಲ, ಹುಳುವಿನೊಡನೆ ಮರ ನಡೆಸುವ ಓಟ. ಹುಳುವೂ ಸುಮ್ಮನಿರುವುದಿಲ್ಲ. ಕೆಲವು ಕೋಶದಲ್ಲಿಯೇ ಕಾಲ ಕಳೆದು ಮೊದಲ ಮಳೆಗೆ ಹೊರಬರುತ್ತವೆ. ಕೆಲವು ಚಿಟ್ಟೆಗಳು ತೇವವಿರುವ ಕಡೆಗೆ ವಲಸೆ ಹೋಗುತ್ತವೆ. ಕಕ್ಕೆಯ ಎಳೆಯೆಲೆಯನ್ನು ತಿನ್ನುವ ತಿಳಿಹಳದಿ ಚಿಟ್ಟೆಯ ಹುಳುಗಳು ಆ ಚಿಗುರು ಬಂದ ವಾರಗಳಲ್ಲಿ ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತವೆ. ಈ ವಿವರಣೆ ಏಟ್ಕಿನ್ ಅವರ ಕಾಲಕ್ಕೆ ಇರಲಿಲ್ಲ. ಆದರೆ ಯಾವ ಹುಳು ಯಾವ ಎಲೆಯದು ಎಂಬ ತಿಳಿವಳಿಕೆ ಇಲ್ಲದೆ ಇಂತಹ ಪ್ರಶ್ನೆಯನ್ನು ಕೇಳುವುದೇ ಸಾಧ್ಯವಾಗುತ್ತಿರಲಿಲ್ಲ.

6

ಏಟ್ಕಿನ್ ಅವರ ಸಾಧನೆಯನ್ನು ಮೆಚ್ಚುವಾಗ ಅದರ ಮಿತಿಗಳನ್ನು ಮರೆಯುವಂತಿಲ್ಲ. ಚಿಟ್ಟೆಗಳ ಹಿಂದೆ ಅಲೆಯಲು ಅವರಿಗೆ ಬಿಡುವನ್ನೂ ಸಂಬಳವನ್ನೂ ಕೊಟ್ಟದ್ದು ಉಪ್ಪಿನ ತೆರಿಗೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವುದು ಹಳೆಯ ಕಸುಬು. ಅದೇ ಉಪ್ಪಿನ ಮೇಲಿನ ಸುಂಕ ಬಡವನ ಗಂಜಿಯವರೆಗೂ ಹೋಗಿ ಮುಟ್ಟುತ್ತಿತ್ತು. ಏಟ್ಕಿನ್ ತೀರಿಕೊಂಡು ಎರಡು ದಶಕಗಳ ಮೇಲೆ, 1930ರ ಏಪ್ರಿಲ್‌ನಲ್ಲಿ, ಅಂಕೋಲೆಯ ಜನ ಆ ಕಾನೂನನ್ನು ಮುರಿದದ್ದು ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಉಜ್ವಲ ಅಧ್ಯಾಯ. 1889ರ 'ಬಿಹೈಂಡ್ ದಿ ಬಂಗಲೋ' ಗ್ರಂಥದಲ್ಲಿ ಬಟ್ಲರ್, ಆಯಾ, ಧೋಬಿ ಮುಂತಾದ ಮನೆಯಾಳುಗಳನ್ನು ಅವರು ಚಿತ್ರಿಸಿದ ರೀತಿಯಲ್ಲಿ ವಾತ್ಸಲ್ಯವಿದ್ದರೂ ಯಜಮಾನನ ಮೇಲ್ಗಣ್ಣು ಮರೆಯಾಗಿಲ್ಲ. ಇರುವೆಗೆ ಸಲ್ಲಿಸಿದ ಸಮಾನ ಗೌರವ ಅಡಿಗೆಯವನಿಗೆ ಸದಾ ಸಲ್ಲಲಿಲ್ಲವೆಂದರೆ ತಪ್ಪಾಗದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಶ್ನೆಯಿದೆ. ಉತ್ತರ ಕನ್ನಡದ ಚಿಟ್ಟೆಗಳ ಲೇಖನಮಾಲೆಗೆ ಕರ್ತೃಗಳಾಗಿ ನಿಂತಿರುವುದು ಮೂವರು ಐರೋಪ್ಯರ ಹೆಸರು. ಯಾವ ಬಳ್ಳಿ ಯಾವ ಹಳ್ಳದ ಬಳಿ ಬೆಳೆಯುತ್ತದೆ, ಯಾವ ಮರ ಯಾವಾಗ ಚಿಗುರುತ್ತದೆ ಎಂಬುದು ಆ ಕಾಡಿನಲ್ಲಿ ಹುಟ್ಟಿ ಬೆಳೆದ ಹಾಲಕ್ಕಿ, ಕುಣಬಿ, ಸಿದ್ದಿ, ಗೌಳಿ ಜನರಿಗೆ ತಲೆಮಾರುಗಳಿಂದ ತಿಳಿದಿದ್ದ ವಿದ್ಯೆ. ಅಂತಹವರ ನೆರವಿಲ್ಲದೆ ಪರಸ್ಥಳದ ಅಧಿಕಾರಿಗಳಿಗೆ ಆ ಕಾಡು ತೆರೆದುಕೊಳ್ಳುತ್ತಿತ್ತೆಂದು ನಂಬುವುದು ಕಷ್ಟ. ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡ ಅವರಿಗೆ 2020ರ ಪದ್ಮಶ್ರೀ ಸಂದಾಗ, ಯಾವ ಮರದ ಬೀಜವನ್ನು ಯಾವಾಗ ಆಯಬೇಕೆಂಬ ಅವರ ಅರಿವನ್ನು ದೇಶ ಗುರುತಿಸಿತು. 2024ರ ಡಿಸೆಂಬರ್‌ನಲ್ಲಿ ಅವರು ನಿಧನರಾದರು. ಈ ಗುರುತು ನೂರು ವರ್ಷಕ್ಕೂ ಮಿಕ್ಕಿ ತಡವಾಗಿ ಬಂದಿತು.

ಭಾಷೆಯ ದೃಷ್ಟಿಯಿಂದ 1894 ಒಂದು ಗಮನಾರ್ಹ ವರ್ಷ. ಏಟ್ಕಿನ್ ಅವರ ಕಾಡಿನ ಗ್ರಂಥ ಬಂದ ಆ ವರ್ಷವೇ ಅದೇ ಕರಾವಳಿಯ ಮಂಗಳೂರಿನಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಆ ನಿಘಂಟಿನಲ್ಲಿ ಗಿಡಮರಗಳ ಕನ್ನಡ ಹೆಸರುಗಳು ಹೇರಳವಾಗಿವೆ, ಅನೇಕವು ಶಾಸ್ತ್ರೀಯ ನಾಮಗಳ ಸಮೇತ. ಅದೇ ವರ್ಷ ಅರಣ್ಯಾಧಿಕಾರಿ ಡಬ್ಲ್ಯು. ಎ. ಟಾಲ್ಬಟ್ ಅವರು ಮುಂಬಯಿ ಪ್ರಾಂತದ ಮರ, ಪೊದೆ, ಬಳ್ಳಿಗಳ ಪಟ್ಟಿಯನ್ನು ಪ್ರಕಟಿಸಿದರು. ಒಬ್ಬರ ಬಳಿ ಶಬ್ದ, ಒಬ್ಬರ ಬಳಿ ಸಸ್ಯ, ಒಬ್ಬರ ಬಳಿ ಹುಳು. ಮೂರೂ ಒಂದು ಪುಟದಲ್ಲಿ ಕೂಡಲಿಲ್ಲ. ಗಿಡಗಳಿಗೆ ನೂರಾರು ಹೆಸರುಗಳಿರುವ ಕನ್ನಡದಲ್ಲಿ ಚಿಟ್ಟೆಗಳ ಪ್ರತ್ಯೇಕ ಜಾತಿಗಳಿಗೆ ನೆಲೆಗೊಂಡ ಹೆಸರುಗಳು ಬಹುಕಾಲ ವಿರಳವಾಗಿಯೇ ಉಳಿದವು. ಚಿಟ್ಟೆ, ಪಾತರಗಿತ್ತಿ ಎಂಬ ಎರಡು ಮಾತುಗಳಲ್ಲಿಯೇ ಎಲ್ಲವನ್ನೂ ಅಡಗಿಸಬೇಕಾಯಿತು.

7

ಉತ್ತರ ಕನ್ನಡದ ಅನಂತರದ ಏಟ್ಕಿನ್ ಅವರ ಬದುಕನ್ನು ಸಂಕ್ಷೇಪವಾಗಿ ಹೇಳಬಹುದು. 1898ರಲ್ಲಿ ಪಂಚೇಂದ್ರಿಯಗಳನ್ನು ಕುರಿತ ಅವರ ಚಿಂತನಗ್ರಂಥವೂ 1900ರಲ್ಲಿ ಮುಂಬಯಿಯ ಸಾಮಾನ್ಯ ಹಕ್ಕಿಗಳನ್ನು ಕುರಿತ ಪುಸ್ತಕವೂ ಹೊರಬಂದವು. ನಗರದಲ್ಲಿದ್ದುಕೊಂಡೇ ನಿಸರ್ಗವನ್ನು ನೋಡಬಹುದೆಂಬುದನ್ನು ಆ ಎರಡನೆಯ ಪುಸ್ತಕ ಮುಂಬಯಿಯ ಓದುಗರಿಗೆ ಕಲಿಸಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಗೂ ಮಲೇರಿಯಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದ ಮೇಲೆ ಕೀಟಜ್ಞಾನಕ್ಕೆ ಹೊಸ ಪ್ರಯೋಜನ ದೊರೆಯಿತು. 1902ರಲ್ಲಿ ಸರಕಾರ ಏಟ್ಕಿನ್ ಅವರನ್ನು ಗೋವೆಯ ಗಡಿಯ ಸುಂಕದ ಕಟ್ಟೆಗಳಲ್ಲಿ ಮಲೇರಿಯದ ಹಾವಳಿಯನ್ನು ಪರಿಶೀಲಿಸಲು ನೇಮಿಸಿತು. ಕಾಡಿನ ತೊರೆಗಳ ಬಳಿ ಕಾವಲಿದ್ದ ಬಡ ಜವಾನರನ್ನು ಸೊಳ್ಳೆಯಿಂದ ಪಾರುಮಾಡುವುದು ಆ ಕೆಲಸದ ಉದ್ದೇಶ. ಆಗ ದೊರೆತ ಒಂದು ಸೊಳ್ಳೆಯ ಜಾತಿಗೆ 1903ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಅನಾಫಿಲಿಸ್ ಏಟ್ಕಿನಿಯೈ ಎಂಬ ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

1903ರ ಮೇ ತಿಂಗಳಲ್ಲಿ ಅವರು ಕರಾಚಿಯಲ್ಲಿ ಸುಂಕ ಮತ್ತು ಉಪ್ಪಿನ ಕಂದಾಯದ ಮುಖ್ಯ ಕಲೆಕ್ಟರ್ ಆದರು. 1905ರಲ್ಲಿ ಸಿಂಧ್ ಗ್ಯಾಸೆಟಿಯರಿನ ಹೊಣೆ ಬಂತು. 1906ರಲ್ಲಿ ನಿವೃತ್ತರಾದರು. ಗ್ಯಾಸೆಟಿಯರ್ 1907ರಲ್ಲಿ ಪ್ರಕಟವಾಯಿತು. 1909ರ ಏಪ್ರಿಲ್‌ನಲ್ಲಿ ಎಡಿನ್‌ಬರೋದಲ್ಲಿ ಅವರು ತೀರಿಕೊಂಡರು. ಬಿಡಿಬರಹಗಳ ಸಂಕಲನವೊಂದು 1914ರಲ್ಲಿ ಮರಣೋತ್ತರವಾಗಿ ಬಂದಿತು. ಅವರೊಡನೆ ಕೆಲಸ ಮಾಡಿದ ಬೆಲ್ ಅವರು ಮಾತ್ರ ಕಾರವಾರವನ್ನು ಬಿಡಲಿಲ್ಲ. ನಿವೃತ್ತಿಯ ಬಳಿಕವೂ ಅಲ್ಲಿಯೇ ನೆಲೆಸಿ, ಬಯಲುನಾಡಿನ ಚಿಟ್ಟೆಗಳ ಬಗ್ಗೆ 1909ರಿಂದ ದೀರ್ಘ ಲೇಖನಮಾಲೆಯನ್ನು ಬರೆದು, 1948ರಲ್ಲಿ ಕಾರವಾರದಲ್ಲಿಯೇ ಕಣ್ಮುಚ್ಚಿದರು. ಮೂವರು ಆರಂಭಿಸಿದ ಕೆಲಸವನ್ನು ಪೂರ್ಣತೆಯ ಕಡೆಗೆ ಒಯ್ದವರು ಅವರು.

8

ಏಟ್ಕಿನ್ ಅವರ ಹಾದಿ ಕನ್ನಡಕ್ಕೆ ಸಂಪೂರ್ಣ ಅಪರಿಚಿತವಾಗಿ ಉಳಿಯಲಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ. ಜಿ. ಎಲ್. ಸ್ವಾಮಿ ಅವರ 'ಹಸುರು ಹೊನ್ನು' ಗ್ರಂಥ ಶಾಸ್ತ್ರ, ಹಾಸ್ಯ, ಪ್ರವಾಸಗಳನ್ನು ಬೆಸೆದು 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆಯಿತು. ಶಿವರಾಮ ಕಾರಂತ, ಪೂರ್ಣಚಂದ್ರ ತೇಜಸ್ವಿ ಅವರ ಬರವಣಿಗೆಯಲ್ಲಿ ಕೀಟ, ಹಕ್ಕಿಗಳಿಗೆ ಅಲಂಕಾರವಲ್ಲದ ಸ್ವಂತ ಬದುಕು ದೊರೆಯಿತು. ಹೊರನಾಡಿನಲ್ಲಿದ್ದುಕೊಂಡು ಕನ್ನಡದಲ್ಲಿ ಹಸುರನ್ನು ಬರೆದ ಸ್ವಾಮಿಯವರ ನಿದರ್ಶನ ನಮಗೆ ವಿಶೇಷವಾಗಿ ಆಪ್ತವಾದುದು.

ಆದರೂ ಉಳಿದಿರುವ ಕೆಲಸ ದೊಡ್ಡದು. 1890ರ ದಶಕದ ಬಳಿಕ ಉತ್ತರ ಕನ್ನಡದ ಚಹರೆ ಬದಲಾಗಿದೆ. ಕಾಳಿ ನದಿಗೆ ಅಣೆಕಟ್ಟುಗಳಾದವು, ಕೈಗಾದಲ್ಲಿ ಪರಮಾಣು ಸ್ಥಾವರ ಎದ್ದಿತು, ಕಾರವಾರದ ಬಳಿಯ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಕಕ್ಕೆ ಮೊದಲಿನ ತಿಂಗಳಲ್ಲಿಯೇ ಅರಳುತ್ತಿದೆಯೆ, ಅದರ ಚಿಗುರಿಗೂ ಹುಳುವಿಗೂ ಇದ್ದ ಹೊಂದಿಕೆ ತಪ್ಪಿದೆಯೆ ಎಂದು ಕೇಳಬೇಕಾದ ಕಾಲ ಇದು. ಹವಾಮಾನ ಬದಲಾದಾಗ ಮರವೂ ಕೀಟವೂ ಒಂದೇ ವೇಗದಲ್ಲಿ ಬದಲಾಗುತ್ತವೆಂಬ ಭರವಸೆಯಿಲ್ಲ. ಒಂದು ಮುಂದೆ ಹೋಗಿ ಇನ್ನೊಂದು ಹಿಂದುಳಿದರೆ ಎರಡಕ್ಕೂ ಕೇಡು. ಹೋಲಿಸಿ ನೋಡಲು ಹಳೆಯ ದಾಖಲೆ ಬೇಕು. ಅಂತಹ ದಾಖಲೆಯನ್ನು ಪಡೆದಿರುವ ಕೆಲವೇ ಜಿಲ್ಲೆಗಳಲ್ಲಿ ಪಂಪನು ನೆನೆದ ಬನವಾಸಿಯ ಜಿಲ್ಲೆಯೂ ಒಂದೆಂಬುದು ನಮ್ಮ ಭಾಗ್ಯ.

ಆ ದಾಖಲೆಯಲ್ಲಿರುವ ಪ್ರತಿ ಆಹಾರಸಸ್ಯದ ಶಾಸ್ತ್ರೀಯ ನಾಮಕ್ಕೆ ಎದುರಾಗಿ ಕಿಟ್ಟೆಲ್, ಟಾಲ್ಬಟ್ ಕೊಟ್ಟ ಕನ್ನಡ ಹೆಸರನ್ನು ಇಡುವುದು, ಜಿಲ್ಲೆಯ ಹಳ್ಳಿಗಳಲ್ಲಿ ಉಳಿದಿರುವ ಹೆಸರುಗಳನ್ನು ಅದಕ್ಕೆ ಸೇರಿಸುವುದು, ತಿಂಗಳುಗಳ ಲೆಕ್ಕವನ್ನು ಹಾಲಕ್ಕಿ, ಕುಣಬಿ ಹಿರಿಯರಿಂದ ಕೇಳಿ ಬರೆಯುವುದು ಇವೆಲ್ಲ ಕೀಟಶಾಸ್ತ್ರಜ್ಞನೊಬ್ಬನಿಂದ ಆಗುವ ಕೆಲಸವಲ್ಲ. ನಿಘಂಟುಶಾಸ್ತ್ರ, ಜಾನಪದ, ಸ್ಥಳೀಯ ಚರಿತ್ರೆ ಬಲ್ಲ ಕನ್ನಡ ವಿದ್ಯಾರ್ಥಿಯೂ ಅದರಲ್ಲಿ ಕೈಜೋಡಿಸಬೇಕು. ಸಂಸ್ಥೆಯ ಹಳೆಯ ಸಂಪುಟಗಳು ಮುಂಬಯಿಯಲ್ಲಿಯೇ ಇರುವುದರಿಂದ ಈ ನಗರದ ಸಂಶೋಧಕರಿಗೆ ಅದು ಇನ್ನಷ್ಟು ಸುಲಭ. ಲ್ಯಾಟಿನ್ ಕಲಿಸುತ್ತಿದ್ದ ತರುಣನೊಬ್ಬ ಉಪ್ಪಿನ ಇಲಾಖೆಯ ನೌಕರಿಯ ನಡುವೆ ಎಲೆಯನ್ನು ತಿರುಗಿಸಿ ನೋಡಲು ಕಲಿತು ಆ ನೋಟವನ್ನು ಹಲವರ ಸೊತ್ತಾಗಿಸಿದ. ಸಾಹಿತ್ಯದ ವಿದ್ಯಾರ್ಥಿಗೆ ಈ ಕೆಲಸ ದೂರದ್ದಲ್ಲವೆಂಬುದಕ್ಕೆ ಏಟ್ಕಿನ್ ಅವರ ಬದುಕೇ ಸಾಕ್ಷಿ.